ಮಾಳಿಗೆ ಮೇಲಿನಿಂದ ಕೇಳಿದ ಮಾತು

ಯಾರಾದರೂ ದೆವ್ವದ ಕಥೆ ಹೇಳಲು ಶುರು ಮಾಡಿದರೆ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದವಳು ನಾನು. ಅಂಜಿಕೆಯಿಂದಲ್ಲ, ಬೇಸರದಿಂದ. ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದವರಿಗೆ ಇಂಥ ಕಥೆಗಳಿಗೇನೂ ಬರವಿಲ್ಲ. ಕೋಟೆಯ ಯಾವ ಬಾಗಿಲಲ್ಲಿ ಯಾರು ಅಳುತ್ತಾರೆ, ಯಾವ ಹೊಂಡದ ಹತ್ತಿರ ಅಮಾವಾಸ್ಯೆಯಂದು ಸುಳಿಯಬಾರದು ಎಂಬುದೆಲ್ಲ ನಮಗೆ ಮಗ್ಗಿಯ ಜೊತೆಗೇ ಬಾಯಿಪಾಠ. ಆಮೇಲೆ ನಾನು ಆರ್ಕಿಟೆಕ್ಟ್ ಆದೆ. ಅಂದರೆ ಬೆಳಗಾದರೆ ಇಂಥ ನಂಬಿಕೆಗಳ ಜೊತೆ ಜಗಳವಾಡುವುದೇ ನನ್ನ ಹೊಟ್ಟೆಪಾಡಾಯಿತು. ಬಾಗಿಲು ಎಲ್ಲಿರಬೇಕೆಂದು ಗಾಳಿ ಬೆಳಕು ನೋಡಿ ನಾನು ಹೇಳಿದರೆ, ಅದು ಎಲ್ಲಿರಬಾರದೆಂದು ಹೇಳಲು ಊರಿನಲ್ಲಿ ಹತ್ತು ಜನ ಕಾದಿರುತ್ತಾರೆ. ಎಷ್ಟೋ ಪ್ಲಾನುಗಳನ್ನು ನಾನು ಹಲ್ಲು ಕಚ್ಚಿಕೊಂಡು ತಿರುಗಿಸಿ ಬರೆದಿದ್ದೇನೆ.

ಇದನ್ನು ಮೊದಲೇ ಹೇಳುತ್ತಿರುವುದೇಕೆಂದರೆ, ಮುಂದೆ ಬರೆಯುವುದನ್ನು ಓದಿ ನೀವು ನನ್ನನ್ನು ಸುಲಭವಾಗಿ ನಂಬುವ ಹೆಂಗಸು ಎಂದುಕೊಳ್ಳಬಾರದು. ಇನ್ನೊಂದು ಮಾತು. ನಾನು ಕೇಳಿದ ವಿಚಿತ್ರಗಳೆಲ್ಲ ರಾತ್ರಿಯಲ್ಲಿ ನಡೆದವು. ನನ್ನದು ನಡೆದದ್ದು ಉರಿಬಿಸಿಲಿನ ಮಧ್ಯಾಹ್ನ, ಬೆಳಕಿಗೆಂದೇ ನಾನು ಕಟ್ಟಿಸಿದ ಕೋಣೆಯಲ್ಲಿ. ಕತ್ತಲೆಯ ಮೇಲೆ ತಪ್ಪು ಹೊರಿಸುವ ಅನುಕೂಲವೂ ನನಗಿಲ್ಲ.

ಕೆಲವು ವರ್ಷಗಳ ಹಿಂದೆ ಹಿರಿಯೂರಿನಿಂದ ತಿಪ್ಪೇಸ್ವಾಮಿ ಎಂಬವರು ನನ್ನ ಆಫೀಸಿಗೆ ಬಂದರು. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಮತ್ತೆ ತಂತಿ ಸುತ್ತಿಕೊಡುವ ಅಂಗಡಿ ಅವರದು. ಉಗುರಿನ ಸಂದಿಯಲ್ಲಿ ಕರಿ ಗ್ರೀಸು, ಮಾತು ಕಡಿಮೆ. ಜೊತೆಯಲ್ಲಿ ಹೆಂಡತಿ ಪುಷ್ಪಾ. ನಲವತ್ತರ ಆಸುಪಾಸಿನ ಹೆಂಗಸು, ನಗುಮುಖ, ಬಾಯಿ ಜೋರು. ಒಳಗೆ ಬರುವಾಗ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಕಾಲಿನಿಂದ ನೆಲ ತಡವಿ, ಆಮೇಲೆ ಹೆಜ್ಜೆ ಇಟ್ಟಳು. ಕುರ್ಚಿಯಲ್ಲಿ ಕೂತ ಮೇಲೆ ತಾನೇ ವಿಷಯಕ್ಕೆ ಬಂದಳು.

"ನಂಗೆ ಕಣ್ಣು ಹೋಗ್ತಾ ಐತ್ರಿ ಮೇಡಂ. ಬೆಳಕಿದ್ರೆ ಕಾಣ್ತೈತೆ, ಮಬ್ಬಾದ್ರೆ ಇಲ್ಲ. ನಮ್ಮನೆಯೋ, ಹಗಲೊತ್ತಲ್ಲೂ ಗವಿ. ನಂಗೊಂದು ಬೆಳಕಿನ ಕೋಣೆ ಮಾಡಿಕೊಡ್ರಿ."

ಕಣ್ಣಿನ ಪರದೆಗೆ ಬರುವ ಕಾಯಿಲೆಯಂತೆ. ಮೊದಲು ಇರುಳುಗಣ್ಣು, ಆಮೇಲೆ ಪಕ್ಕದ ನೋಟ ಹೋಗಿ, ಕೊಳವೆಯಲ್ಲಿ ನೋಡಿದ ಹಾಗೆ ನಡುವಿನದ್ದಷ್ಟೇ ಉಳಿಯುತ್ತದೆ. ಔಷಧಿ ಇಲ್ಲ. ಆದರೆ ಇದು ನಿಧಾನದ ಕಾಯಿಲೆ, ಒಳ್ಳೆಯ ಬೆಳಕಿನಲ್ಲಿ ಇನ್ನೂ ಬಹಳ ವರ್ಷ ಕೆಲಸ ಮಾಡಬಹುದು ಎಂದು ಡಾಕ್ಟರು ಹೇಳಿದ್ದರು. ಪುಷ್ಪಾಳ ಕೆಲಸ ರವಿಕೆ ಹೊಲಿಯುವುದು. ಆ ಬೀದಿಗಳಲ್ಲಿ ಅವಳ ಕೈಗೆ ದೊಡ್ಡ ಹೆಸರು, ಮದುವೆ ರವಿಕೆಗಳೆಲ್ಲ ಅವಳ ಹತ್ತಿರವೇ ಬರುತ್ತಿದ್ದವು. ಬೇರೆ ಬಡಾವಣೆಯಲ್ಲಿ ಹೊಸ ಮನೆ ಮಾಡಬಹುದಲ್ಲ ಎಂದು ನಾನು ಕೇಳಿದೆ. ಅವಳು ತಲೆಯಾಡಿಸಿದಳು. ನಾಳೆ ಪೂರ್ತಿ ಕಾಣದೆ ಹೋದರೆ ಕಾಲಿಗೆ ಗುರುತಿರುವ ಮನೆಯಲ್ಲೇ ಇರಬೇಕು, ಆ ಮನೆಯ ಮೆಟ್ಟಿಲು ಹೊಸ್ತಿಲೆಲ್ಲ ನನ್ನ ಕಾಲಿಗೆ ಗೊತ್ತು ಎಂದಳು. ಆಮೇಲೆ ನಕ್ಕು, "ಕಾಣೋ ತನಕ ಚೆನ್ನಾಗಿ ಕಾಣ್ಬೇಕು ಅಷ್ಟೇ ಕಣ್ರಿ" ಅಂದಳು. ಆ ಮಾತಿಗೇ ನಾನು ಆ ಕೆಲಸ ಒಪ್ಪಿಕೊಂಡೆ.

ಮನೆ ನೋಡಿದಾಗ ನನಗೆ ಹಳೆಯ ಪ್ರೀತಿ ಉಕ್ಕಿಬಂತು. ಹಿರಿಯೂರಿನ ಹಳೇ ಬೀದಿಯೊಂದರಲ್ಲಿ ತಿಪ್ಪೇಸ್ವಾಮಿಯವರ ಮುತ್ತಾತ ಕಟ್ಟಿಸಿದ ಮಾಳಿಗೆ ಮನೆ ಅದು. ಮೊಳದಷ್ಟು ದಪ್ಪದ ಮಣ್ಣು ಗೋಡೆ, ಮರದ ತೊಲೆ ಜಂತೆಗಳ ಮೇಲೆ ಹಾಸಿದ ಮಣ್ಣಿನ ಚಾವಣಿ, ಹೂಬಳ್ಳಿ ಕೆತ್ತಿದ ಬಾಗಿಲು, ಎಣ್ಣೆ ಕುಡಿದು ಕಪ್ಪಾದ ಕಂಬಗಳು. ಕಿಟಕಿ ಎಂಬುದು ಹೆಸರಿಗೆ ಮಾತ್ರ. ನಡುಮನೆಗೆ ಇದ್ದ ಬೆಳಕೆಂದರೆ ಮಾಳಿಗೆಯಲ್ಲಿ ಕೊರೆದ ಒಂದು ಬೆಳಕಿಂಡಿ. ಅದರಿಂದ ಬಿಸಿಲು ಒಂದು ತಟ್ಟೆಯಷ್ಟಗಲ ಬಿದ್ದು, ಬೆಳಗಿನಿಂದ ಸಂಜೆಯವರೆಗೆ ಗೋಡೆಯಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಸರಿಯುತ್ತಿತ್ತು. ಪುಷ್ಪಾ ತನ್ನ ಹೊಲಿಗೆ ಮೆಷಿನ್ನನ್ನು ಅದರ ಹಿಂದೆ ಹಿಂದೆಯೇ ಎಳೆದುಕೊಂಡು ಹೋಗುತ್ತಿದ್ದಳು. ಟ್ಯೂಬ್‌ಲೈಟಿನ ಬೆಳಕು ಅವಳ ಕಣ್ಣಿಗೆ ಸಾಲುತ್ತಿರಲಿಲ್ಲ.

ಬೆಳಕಿಂಡಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಅದು ಗೊತ್ತು, ಮಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ಮಳೆ ಬಂದರೆ ಮನೆಯ ಗಂಡಸು ಯಾರಾದರೂ ಏಣಿ ಹತ್ತಿ ಹೋಗಿ ಬೆಳಕಿಂಡಿಯ ಮೇಲೆ ಕಲ್ಲು ಚಪ್ಪಡಿ ಎಳೆಯಬೇಕು. ಎಳೆದರೆ ಕೆಳಗೆ ಕತ್ತಲೆ. ಕೆಳಗೆ ಯಾರೋ ಮಗುವಿಗೆ ಹಾಲು ಕುಡಿಸುತ್ತಿರಬಹುದು, ಯಾರೋ ಕುದಿಯುವ ಎಸರಿನ ಪಾತ್ರೆ ಎತ್ತಿಕೊಂಡು ನಡೆಯುತ್ತಿರಬಹುದು. ಅದಕ್ಕೇ ಮೇಲಿನವನು ಕಿಂಡಿಗೆ ಬಾಯಿ ಕೊಟ್ಟು "ಮುಚ್ಚಲೇನವ್ವಾ?" ಎಂದು ಕೂಗುತ್ತಿದ್ದ. ಕೆಳಗಿನವರು ಕೈಯಲ್ಲಿದ್ದ ಕೆಲಸ ಮುಗಿಯುವ ತನಕ "ತಡಿಯಪ್ಪಾ" ಎನ್ನುತ್ತಿದ್ದರು. ಮುಗಿದ ಮೇಲೆ "ಮುಚ್ಚಪ್ಪಾ" ಎನ್ನುತ್ತಿದ್ದರು. ಉತ್ತರ ಬರುವ ತನಕ ಮೇಲಿನವನು ನೆನೆಯುತ್ತ ನಿಲ್ಲಬೇಕೇ ಹೊರತು ಮುಚ್ಚುವಂತಿಲ್ಲ. ಚಿತ್ರದುರ್ಗದ ಹಳೇ ಊರಿನಲ್ಲಿದ್ದ ನಮ್ಮಜ್ಜಿಯ ಮನೆಯಲ್ಲೂ ಹೀಗೇ ಇತ್ತು. "ಮುಚ್ಚಪ್ಪಾ" ಎಂದು ಕೂಗುವ ಹಕ್ಕಿಗಾಗಿ ನಾವು ಮಕ್ಕಳು ಕಿತ್ತಾಡುತ್ತಿದ್ದೆವು. ದೊಡ್ಡವರೊಬ್ಬರು ನಮ್ಮ ಮಾತಿಗಾಗಿ ಮಳೆಯಲ್ಲಿ ಕಾಯುತ್ತಾರೆ ಎಂಬ ಖುಷಿ ಅದು.

ನನ್ನ ಪ್ಲಾನು ಹೀಗಿತ್ತು. ಹಳೆಯ ಮನೆಯನ್ನು ಆದಷ್ಟು ಮುಟ್ಟುವುದಿಲ್ಲ. ನಡುಮನೆಯ ಹಿಂಗೋಡೆಯಲ್ಲಿ ಅಗಲವಾಗಿ ಬಾಯಿ ತೆಗೆದು, ಕಬ್ಬಿಣದ ತೊಲೆ ಕೊಟ್ಟು, ಹಿತ್ತಲಿನಲ್ಲಿ ಒಂದು ಹೊಸ ಕೋಣೆ. ತೆಳು ಉಕ್ಕಿನ ಕಂಬಗಳು, ಬಿಳಿ ಗೋಡೆ, ಉತ್ತರಕ್ಕೆ ನೆಲದಿಂದ ಚಾವಣಿಯವರೆಗೆ ಗಾಜು, ಮೇಲೆ ಇಳಿಜಾರಿನ ಗಾಜಿನ ಮಾಡು. ಉತ್ತರದ ಬೆಳಕು ಹಗಲೆಲ್ಲ ಒಂದೇ ಸಮ ಇರುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ನೆತ್ತಿಯ ಬಿಸಿಲಿಗೆ ಹೊರಗಡೆಯಿಂದ ಎಳೆಯುವ ಪರದೆ. ನಕ್ಷೆ ತೋರಿಸಿದಾಗ ತಿಪ್ಪೇಸ್ವಾಮಿ ಬಹಳ ಹೊತ್ತು ನೋಡಿ, "ಹಿರಿಯೂರು ಬಿಸಿಲಿಗೆ ಅಲ್ಲೇ ರೊಟ್ಟಿ ಬೇಯಿಸ್ಬೋದೇನ್ರಿ ಮೇಡಂ?" ಎಂದು ಕೇಳಿದರು. ಅವರು ಆಡಿದ ಒಂದೇ ತಮಾಷೆ ಅದು. ಪುಷ್ಪಾ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಗೆರೆ ಗೆರೆ ನೋಡಿದಳು. ಆಮೇಲೆ ಮೆಷಿನ್ ಎಲ್ಲಿ, ಇಸ್ತ್ರಿ ಮೇಜು ಎಲ್ಲಿ ಎಂದು ತಾನೇ ಬೆರಳಿಟ್ಟು ಹೇಳಿದಳು.

ಒಪ್ಪದವರು ಒಬ್ಬರೇ, ತಿಪ್ಪೇಸ್ವಾಮಿಯ ತಾಯಿ ಈರಮ್ಮ. ಸೊಸೆಯ ಮೇಲೆ ಸಿಟ್ಟೇನೂ ಇರಲಿಲ್ಲ ಅವರಿಗೆ. ಸೊಸೆ ಹೊಸ್ತಿಲು ದಾಟುವಾಗೆಲ್ಲ ಅಡುಗೆಮನೆಯಿಂದಲೇ "ನೋಡ್ಕಂಡು" ಎನ್ನುತ್ತಿದ್ದ ಅತ್ತೆ ಅವರು. ಹೊಸ ಕೋಣೆಗೂ ಅವರು ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಬೆಳಕಿಂಡಿಯ ವಿಷಯಕ್ಕೆ. ಅಲ್ಲಿಂದ ನೀರಿಳಿದು ಜಂತೆಗಳು ಕೊಳೆಯಲು ಶುರುವಾಗಿದ್ದವು. ಚಪ್ಪಡಿ ತೆಗೆಸಿ, ಕಿಂಡಿಯ ಮೇಲೆ ದಪ್ಪ ಗಾಜು ಕೂರಿಸಿ ಸುತ್ತ ಭದ್ರ ಮಾಡುವುದೆಂದು ನಾನು ತೀರ್ಮಾನಿಸಿದೆ. ಬೆಳಕೂ ಬರುತ್ತದೆ, ನೀರೂ ಬರುವುದಿಲ್ಲ. ಇನ್ನು ಮೇಲೆ ಮಳೆಯಲ್ಲಿ ಹತ್ತಿ ಮುಚ್ಚುವ ಕೆಲಸ ಯಾರಿಗೂ ಇಲ್ಲವಲ್ಲಮ್ಮಾ ಎಂದು ಹೆಮ್ಮೆಯಿಂದಲೇ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿ ಮೇಲೆ ನೋಡಿದರು.

"ಕೆಲಸ ಇಲ್ಲ ಅಂದ್ರೆ ಬಿಟ್ಟು ಹೋಗ್ತಾರೇನವ್ವಾ?" ಅಂದರು.

ಯಾರು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಒಂದು ಕಥೆ ಶುರುವಾಗುತ್ತಿತ್ತು, ಕಥೆ ಕೇಳುವ ಪುರಸೊತ್ತು ನನಗಿರಲಿಲ್ಲ. ಗಾಜು ಕೂರಿಸಿದೆವು. ತೆಗೆದ ಚಪ್ಪಡಿಯನ್ನು ಮಾಳಿಗೆಯ ಮೂಲೆಯಲ್ಲೇ ಬಿಟ್ಟೆವು, ಇಳಿಸಲು ಬಹಳ ಭಾರವಿತ್ತು.

ಕೆಲಸ ತಿಂಗಳುಗಟ್ಟಲೆ ನಡೆಯಿತು. ಗೋಡೆ ಮೇಲೇಳುತ್ತಿದ್ದ ಹಾಗೆ ಪುಷ್ಪಾಳ ನೋಟ ಇಳಿಯುತ್ತಿತ್ತು. ಪ್ರತಿ ಸಲ ಚಿತ್ರದುರ್ಗದಿಂದ ಹೋದಾಗಲೂ ಅವಳು ಏನನ್ನೋ ಬಿಟ್ಟುಕೊಟ್ಟಿರುತ್ತಿದ್ದಳು. ಮೊದಲು ಸಂಜೆಯ ಕೆಲಸ ಬಿಟ್ಟಳು. ಆಮೇಲೆ ಕಪ್ಪು ಬಟ್ಟೆಯ ಹೊಲಿಗೆ ಬಿಟ್ಟಳು, ಕಪ್ಪಿನ ಮೇಲೆ ಕಪ್ಪು ದಾರ ಕಾಣುತ್ತಿರಲಿಲ್ಲ. ಮದುವೆ ಆರ್ಡರುಗಳನ್ನು ಮಾತ್ರ ಬಿಡಲಿಲ್ಲ. ಕೋಣೆ ಆಗಲಿ, ಆಮೇಲೆ ಎಲ್ಲ ಹೊಲಿದುಕೊಡ್ತೀನಿ ಎಂದು ಮಾತು ಕೊಟ್ಟು ಬಟ್ಟೆಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದಳು. ಗಾಜು ಬರುವುದು ತಡವಾದಾಗ ನಾನು ಫೋನಿನಲ್ಲಿ ಅರಚಾಡಿದ್ದೇನೆ. ಮೇಸ್ತ್ರಿ ದಾದಾಪೀರ್ ಸಮಾಧಾನದ ಮನುಷ್ಯ. "ಮೇಡಂ, ಗಾಜಿನ ಕೆಲ್ಸ, ಅವಸರ ಮಾಡಿದ್ರೆ ಕೈ ಕೊಯ್ತೈತೆ" ಎನ್ನುತ್ತಿದ್ದ. ನನಗೆ ಸಮಾಧಾನವಿರಲಿಲ್ಲ. ಕಟ್ಟಿ ಮುಗಿಸುವಷ್ಟರಲ್ಲಿ ನೋಡುವವಳಿಗೆ ಕಣ್ಣೇ ಇಲ್ಲದೆ ಹೋದರೆ ಎಂದು ಎಷ್ಟೋ ರಾತ್ರಿ ನಿದ್ದೆ ಬಿಟ್ಟಿದ್ದೆ.

ಅಂತೂ ಮಾಡಿಗೆ ಗಾಜು ಕೂತಿತು. ಮೇಲಿನ ಪರದೆ ಇನ್ನೂ ಬಂದಿರಲಿಲ್ಲವಾದ್ದರಿಂದ ದಾದಾಪೀರ್ ಒಂದು ಹಸಿರು ಬಲೆ ಬಟ್ಟೆ ತಂದು, ಬಿಸಿಲು ಹೆಚ್ಚಾದಾಗ ಗಾಜಿನ ಮೇಲೆ ಎಳೆದು, ಇಳಿದ ಮೇಲೆ ಸುತ್ತಿ ಕಟ್ಟುತ್ತಿದ್ದ. ಪೂಜೆಗೆ ಮುಂದಿನ ವಾರ ದಿನ ನೋಡಿದ್ದರು. ಪುಷ್ಪಾಳಿಗೆ ಅಲ್ಲಿಯವರೆಗೆ ತಡೆಯಲಾಗಲಿಲ್ಲ. ಶುಕ್ರವಾರ ನಾನು ಹೋಗುವಷ್ಟರಲ್ಲಿ ಗಂಡನಿಂದ ಮೆಷಿನ್ ಹೊರಿಸಿ ಹೊಸ ಕೋಣೆಯ ನಟ್ಟನಡುವೆ ಇಡಿಸಿಕೊಂಡು ಕೂತಿದ್ದಳು. ಅದರ ಮೇಲೆ ಕಪ್ಪು ಬಟ್ಟೆ.

"ನೋಡ್ರಿ ಮೇಡಂ ಇಲ್ಲಿ! ಎಳೆ ಎಳೆ ಕಾಣ್ತೈತೆ!" ಎಂದು ಚಿಕ್ಕ ಹುಡುಗಿಯ ಹಾಗೆ ಕೂಗಿದಳು.

ಕಪ್ಪಿನ ಮೇಲೆ ಕಪ್ಪು ದಾರ ಹಾಕಿ ಒಂದು ಗೆರೆ ಹೊಲಿದು ತೋರಿಸಿದಳು. ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದ ಕೆಲಸದಲ್ಲಿ ಅಂಥ ಸಂತೋಷ ನನಗೆ ಹಿಂದೆ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಫೋನು ತೆಗೆದು ಅವಳ ಒಂದೆರಡು ಫೋಟೋ ಹೊಡೆದೆ. ಬೆಳಕಿಗೆ ಮುಖವೆತ್ತಿ ನಗುತ್ತಿದ್ದಾಳೆ. ಅವು ಈಗಲೂ ನನ್ನ ಹತ್ತಿರ ಇವೆ, ಯಾರಿಗೂ ತೋರಿಸಿಲ್ಲ.

ಮಧ್ಯಾಹ್ನವಾಯಿತು. ದಾದಾಪೀರ್ ಮತ್ತು ಅವನ ಕಡೆಯವರು ನಮಾಜಿಗೆ ಹೋದರು. ತಿಪ್ಪೇಸ್ವಾಮಿ ಅಂಗಡಿಗೆ ಹೋಗಿದ್ದರು. ಮನೆಯಲ್ಲಿ ಉಳಿದವರು ನಾವು ಮೂವರು ಹೆಂಗಸರು. ಈರಮ್ಮ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದರು. ಪುಷ್ಪಾ ಸೂಜಿಗೆ ದಾರ ಪೋಣಿಸುತ್ತಿದ್ದಳು. ನಾನು ಹಳೆಯ ನಡುಮನೆಗೂ ಹೊಸ ಕೋಣೆಗೂ ನಡುವೆ, ಗೋಡೆ ಒಡೆದು ಬಾಯಿ ತೆಗೆದ ಜಾಗದಲ್ಲಿ ಕೂತು, ಬಾಗಿಲಿಗೆ ಯಾವ ಬಣ್ಣ ಎಂದು ಯೋಚಿಸುತ್ತಿದ್ದೆ. ಹೊರಗೆ ಬಿಸಿಲು ಧಗಧಗ. ಬೀದಿಯಲ್ಲಿ ಒಂದು ನರಪಿಳ್ಳೆಯ ಸದ್ದಿಲ್ಲ.

ಆಗ ಮೇಲಿನಿಂದ ಮಾತು ಬಂತು.

"ಮುಚ್ಚಲೇನವ್ವಾ?"

ಗಂಡಸಿನ ದನಿ. ಜೋರಾಗಿಯೂ ಇರಲಿಲ್ಲ, ಗುಟ್ಟಾಗಿಯೂ ಇರಲಿಲ್ಲ. ಕೆಲಸದಲ್ಲಿರುವವರು ಕೆಲಸದಲ್ಲಿರುವವರನ್ನು ಕೇಳುವ ಹಾಗಿತ್ತು. ದಾದಾಪೀರನ ಕಡೆಯವರು ಬೇಗ ಬಂದರೆಂದೂ, ಬಿಸಿಲಿಗೆ ಬಲೆ ಎಳೆಯಲು ಕೇಳುತ್ತಿದ್ದಾರೆಂದೂ ನಾನು ಅಂದುಕೊಂಡೆ. ಹಾಗೆ ಅಂದುಕೊಂಡೆನೋ, ಆಮೇಲೆ ಹಾಗೆಂದು ಕಟ್ಟಿಕೊಂಡೆನೋ ಈಗ ಹೇಳಲಾರೆ. ಅವರೆಲ್ಲ ನನ್ನನ್ನು ಮೇಡಂ ಎನ್ನುತ್ತಾರೆಯೇ ಹೊರತು ಅವ್ವ ಎನ್ನುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಹೊಳೆಯುವ ಮೊದಲೇ ನನ್ನ ಬಾಯಿ ಉತ್ತರ ಕೊಟ್ಟಾಗಿತ್ತು. ತಲೆ ಕೂಡ ಎತ್ತದೆ, ನಮ್ಮಜ್ಜಿಯ ನಡುಮನೆಯಲ್ಲಿ ಕೂಗುತ್ತಿದ್ದ ಅದೇ ರಾಗದಲ್ಲಿ ಕೂಗಿದೆ.

"ಮುಚ್ಚಪ್ಪಾ!"

ಕಲ್ಲು ಎಳೆಯುವ ಸದ್ದು ಕೇಳಿತು. ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಆ ಸದ್ದಿನ ಬಗ್ಗೆ ಅನುಮಾನವೇ ಬರುವುದಿಲ್ಲ. ಗಾಜಿನ ಮೇಲೆ ಕಲ್ಲು ಎಳೆಯುತ್ತಿದ್ದಾರಲ್ಲ, ಗೀರು ಬೀಳುತ್ತದಲ್ಲ ಎಂದು ಗಾಬರಿಯಾಗಿ ತಲೆಯೆತ್ತಿದೆ. ಹೊಸ ಕೋಣೆಯಲ್ಲಿ ನೆರಳು ಸರಿಯುತ್ತಿತ್ತು. ಮೋಡ ಬಂದಾಗ ಆಗುವ ಮಂಕಲ್ಲ ಅದು. ಒಂದು ಅಂಚಿನಿಂದ ನೇರ ಗೆರೆಯಾಗಿ ಹೊರಟು, ಬಿಳಿ ಗೋಡೆ ದಾಟಿ, ನೆಲ ದಾಟಿ, ಪುಷ್ಪಾಳ ಕೈ ದಾಟಿ, ಮುಖ ದಾಟಿ, ಆ ಕಡೆಯ ಅಂಚಿಗೆ ಹೋಗಿ ಸೇರಿತು. ಕಲ್ಲಿನ ಸದ್ದು ನಿಂತಿತು. ಕೋಣೆ ಹಳೆಯ ನಡುಮನೆಯಷ್ಟೇ ಕತ್ತಲಾಯಿತು. ಆ ಕತ್ತಲೆ ಉಸಿರು ಬಿಗಿಹಿಡಿಯುವಷ್ಟು ಹೊತ್ತು ಇತ್ತೋ ಇಲ್ಲವೋ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬೆಳಕು ಹಾಗೆಯೇ ಮತ್ತೆ ಸುರಿಯುತ್ತಿತ್ತು. ಮಾಡಿನ ಗಾಜಿನ ಮೇಲೆ ಏನೂ ಇರಲಿಲ್ಲ. ನೀಲಿ ಆಕಾಶ ಕಾಣುತ್ತಿತ್ತು.

ನಾನು ಉಸಿರು ಬಿಟ್ಟೆ. ಬಿಸಿಲಿಗೆ ತಲೆ ಸುತ್ತಿರಬೇಕು ಎಂದುಕೊಂಡೆ.

"ಯಾಕ್ರೀ ಮೇಡಂ ಮುಚ್ಚು ಅಂದ್ರಿ?" ಪುಷ್ಪಾ ಕೇಳಿದಳು. ದನಿಯಲ್ಲಿ ಸಣ್ಣ ಸಿಡಿಮಿಡಿ ಇತ್ತು, ಅಷ್ಟೇ. "ದಾರ ಪೋಣಿಸ್ತಿದ್ದೆ. ತೆಗಿಯಾಕೆ ಹೇಳ್ರಿ, ಕಾಣ್ತಿಲ್ಲ."

"ತೆಗೆದಾಯ್ತಲ್ಲ ಪುಷ್ಪಾ" ಎನ್ನುತ್ತ ಅವಳ ಕಡೆ ನೋಡಿದೆ.

ಬಿಸಿಲು ಅವಳ ಮುಖದ ಮೇಲೆ ನೇರವಾಗಿ ಬೀಳುತ್ತಿತ್ತು. ಅವಳು ರೆಪ್ಪೆ ಬಡಿಯುತ್ತಿರಲಿಲ್ಲ. ಒಂದು ಕೈಯಲ್ಲಿ ದಾರದ ತುದಿ ಹಿಡಿದು ಇನ್ನೊಂದು ಕೈಯ ಬೆರಳಿನಿಂದ ಸೂಜಿಯನ್ನು ಹುಡುಕುತ್ತಿದ್ದಳು, ಅದು ಅವಳ ಮುಂದೆಯೇ ಹೊಳೆಯುತ್ತಿತ್ತು. "ಹೇಳ್ರಿ ಮೇಡಂ" ಎಂದು ಮತ್ತೆ ಅಂದಳು. ಆಮೇಲೆ ನನ್ನಿಂದ ಮಾತು ಬರದ್ದನ್ನು ಕೇಳಿಸಿಕೊಂಡಳು. ಅವಳ ಕೈ ನಿಂತಿತು. "ಮೇಡಂ, ಬೆಳಕೈತಾ?" ಎಂದು ಬಹಳ ನಿಧಾನವಾಗಿ ಕೇಳಿದಳು.

ನಾನು ಇದೆ ಎಂದೆ. ಬೇರೆ ಏನು ಹೇಳಬಹುದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಈರಮ್ಮ ಕೈಗೆ ಹಿಟ್ಟು ಮೆತ್ತಿಕೊಂಡೇ ಅಡುಗೆಮನೆಯಿಂದ ಬಂದರು. ಸೊಸೆಯ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಏನಾಯಿತು ಎಂದು ಅವರು ಕೇಳಲಿಲ್ಲ.

"ಮುಚ್ಚು ಅಂದೋರ್ಯಾರವ್ವಾ?"

ನಾನು ಎಂದೆ. ಅವರು ಅಲ್ಲಿಯೇ ಗೋಡೆ ಹಿಡಿದು ಕೂತುಬಿಟ್ಟರು. "ನಂಗೂ ಕೇಳ್ತು. ನಾನು ಒಲೆ ಮುಂದೆ ಕುಂತೇ ತಡಿಯಪ್ಪಾ ಅಂದೆ. ತಡಿಯಪ್ಪಾ ಅಂದೆ ಕಣವ್ವಾ. ನಿನ್ನ ದನಿ ದೊಡ್ಡದು."

ನಾನು ಹಿತ್ತಲಿಗೆ ಓಡಿದೆ. ಏಣಿ ಗೋಡೆಯ ಬುಡದಲ್ಲಿ ನೆಲದ ಮೇಲೆ ಮಲಗಿತ್ತು. ಅದನ್ನು ಎತ್ತಿ ನಿಲ್ಲಿಸಿ, ಸೀರೆ ಎತ್ತಿ ಕಟ್ಟಿ, ಹತ್ತಿ ನೋಡಿದೆ. ಹಸಿರು ಬಲೆ ದಾದಾಪೀರ್ ಹಿಂದಿನ ಸಂಜೆ ಕಟ್ಟಿದ ಹಾಗೆಯೇ ಸುತ್ತಿ ಕಟ್ಟಿತ್ತು. ಗಾಜಿನ ಮೇಲೆ ಒಂದು ಗೀರಿಲ್ಲ. ಚಪ್ಪಡಿ ಮಾಳಿಗೆಯ ಮೂಲೆಯಲ್ಲಿ ತನ್ನ ಜಾಗದಲ್ಲೇ ಇತ್ತು. ಅದನ್ನು ಮುಟ್ಟಿ ನೋಡಿದೆ, ಕೈ ಸುಡುವಷ್ಟು ಕಾದಿತ್ತು. ಅಕ್ಕಪಕ್ಕದ ಮಾಳಿಗೆಗಳಲ್ಲಿ ಒಣಹಾಕಿದ ಮೆಣಸಿನಕಾಯಿ ಬಿಟ್ಟರೆ ಯಾರೂ ಇರಲಿಲ್ಲ. ದೂರದಲ್ಲಿ ಗುಡ್ಡದ ಸಾಲಿನ ಗಾಳಿಯಂತ್ರಗಳು ತಿರುಗದೆ ನಿಂತಿದ್ದವು. ಕೆಳಗಿನಿಂದ ಪುಷ್ಪಾ ಅಳುವುದು ಆಗ ಕೇಳಿಸಿತು.

ಅವತ್ತೇ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಗಾಡಿ ನಾನೇ ಓಡಿಸಿದೆ. ದಾರಿಯುದ್ದಕ್ಕೂ ಪುಷ್ಪಾ ಆಗಾಗ "ಈಗ ಕತ್ತಲಾಯ್ತೇನ್ರಿ?" ಎಂದು ಕೇಳುತ್ತಿದ್ದಳು, ತಿಪ್ಪೇಸ್ವಾಮಿ "ಇನ್ನೂ ಇಲ್ಲ" ಎನ್ನುತ್ತಿದ್ದರು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿದರು. ಈ ಕಾಯಿಲೆಯಲ್ಲಿ ಕಣ್ಣು ಹೀಗೆ ಒಮ್ಮೆಗೇ ಹೋಗುವುದು ಬಹಳ ಅಪರೂಪ, ಆದರೆ ಆಗುವುದೇ ಇಲ್ಲವೆನ್ನಲು ಬರುವುದಿಲ್ಲ ಎಂದರು. ಹೊಸ ಕೋಣೆಯ ಬೆಳಕು ಹೆಚ್ಚಾಗಿ ಹೀಗಾಯಿತೇ ಎಂದು ನಾನು ಕೇಳಿದೆ. ಅಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಆ ಉತ್ತರದಿಂದ ನನಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ.

ನೀವು ಈಗ ಏನು ಹೇಳುತ್ತೀರಿ ಎಂಬುದು ನನಗೆ ಗೊತ್ತು, ಏಕೆಂದರೆ ಅದನ್ನೆಲ್ಲ ನಾನೇ ನನಗೆ ಹೇಳಿಕೊಂಡಿದ್ದೇನೆ. ಪಕ್ಕದ ಬೀದಿಯಲ್ಲಿ ಯಾರೋ ಯಾರನ್ನೋ ಕೇಳಿರಬಹುದು. ಎಲ್ಲಿಯೋ ಕಲ್ಲು ಎಳೆದಿರಬಹುದು. ಮೋಡವೋ ಹದ್ದೋ ಹಾದುಹೋಗಿರಬಹುದು. ಹೋಗಲಿದ್ದ ಕಣ್ಣು ಅದೇ ಗಳಿಗೆಯಲ್ಲಿ ಹೋಗಿರಬಹುದು. ಒಂದೊಂದಾಗಿ ತೆಗೆದುಕೊಂಡರೆ ಎಲ್ಲವೂ ಸರಿಯಾಗಿ ಕೂರುತ್ತವೆ. ಎಲ್ಲ ಸೇರಿಸಿ ಒಂದೇ ಮಧ್ಯಾಹ್ನಕ್ಕೆ ಕೂರಿಸಲು ಹೋದರೆ ನನ್ನ ಕೈ ಸೋಲುತ್ತದೆ. ಪುಷ್ಪಾ ತನಗೆ ಆ ಪ್ರಶ್ನೆ ಕೇಳಿಸಲೇ ಇಲ್ಲ ಎನ್ನುತ್ತಾಳೆ. ಅವಳಿಗೆ ಕೇಳಿಸಿದ್ದು ನನ್ನ ಉತ್ತರ ಮಾತ್ರ. ತಿಪ್ಪೇಸ್ವಾಮಿಗೆ ಇದಾವುದರಲ್ಲೂ ನಂಬಿಕೆಯಿಲ್ಲ. "ತಲೆ ಕೆಡಿಸ್ಕಬ್ಯಾಡ್ರಿ ಮೇಡಂ, ಕಾಯಿಲೆ ಅದು" ಎಂದು ಅವರೇ ನನಗೆ ಸಮಾಧಾನ ಹೇಳಿದರು. ಅವರ ಹೆಂಡತಿಯ ಕಣ್ಣು ಹೋಗಿದೆ, ಸಮಾಧಾನ ನನಗೆ ಹೇಳುತ್ತಿದ್ದಾರೆ. ನಾಚಿಕೆಯಿಂದ ನಾನು ತಲೆಯೆತ್ತಲಿಲ್ಲ.

ಈರಮ್ಮನನ್ನು ಒಂದು ಸಲ ಕೇಳಿದೆ, ಮುಚ್ಚಿದ್ದನ್ನು ತೆಗೆಯಲು ಆಗ ಏನೆಂದು ಕೂಗುತ್ತಿದ್ದರು ಎಂದು. ಅಜ್ಜಿಯ ಮನೆಯಲ್ಲಿ ಅದನ್ನು ಕೇಳಿದ ನೆನಪು ನನಗಿರಲಿಲ್ಲ. ಅವರು ಯೋಚಿಸಿದರು. "ತೆಗಿಯಾಕೆ ಯಾರು ಕೂಗ್ತಾರವ್ವಾ? ಮಳೆ ನಿಂತ ಮ್ಯಾಲೆ ಅವರೇ ಹೋಗಿ ತೆಗೀತಿದ್ರು" ಅಂದರು.

ಪುಷ್ಪಾ ಈಗಲೂ ಅದೇ ಕೋಣೆಯಲ್ಲಿ ಕೂರುತ್ತಾಳೆ. ಬಿಸಿಲು ಮೈಗೆ ತಾಕುತ್ತದೆ, ಹಿತವಾಗಿರುತ್ತದೆ ಎನ್ನುತ್ತಾಳೆ. ಮದುವೆ ಬಟ್ಟೆಗಳನ್ನೆಲ್ಲ ವಾಪಸ್ಸು ಕೊಟ್ಟಳು. ರವಿಕೆಗೆ ಹುಕ್ಕು ಹಾಕುವುದು, ಕಾಜಾ ಮಾಡುವುದು ಬೆರಳಿಗೆ ಗೊತ್ತಿರುವುದರಿಂದ ಬೇರೆಯವರು ಹೊಲಿದದ್ದಕ್ಕೆ ಅದನ್ನು ಮಾಡಿಕೊಡುತ್ತಾಳೆ. ನನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಕಳೆದ ವರ್ಷ ಒಂದು ದಿನ ಹೋಗಿದ್ದಾಗ, ಮನೆಯಲ್ಲಿ ಬೇರೆ ಯಾರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಕೇಳಿದಳು.

"ಒಂದ್ಸಲ ಕೂಗ್ರಿ ಮೇಡಂ. ನಮ್ಮತ್ತೆ ಕೂಗಿ ನೋಡಿದ್ರು. ಇವರೂ ಕೂಗಿದ್ರು, ನಾನು ಮಲಗೀನಿ ಅಂದ್ಕಂಡು. ಮುಚ್ಚು ಅಂದೋರು ನೀವಲ್ಲೇನ್ರಿ?"

ಬೀದಿಯಲ್ಲಿ ಜನ ಓಡಾಡುತ್ತಿದ್ದರು. ನಾನು ಗಾಜಿನ ಕೆಳಗೆ ಹೋಗಿ ನಿಂತು, ಮೇಲೆ ನೋಡಿ, "ತೆಗಿಯಪ್ಪಾ" ಎಂದೆ. ದನಿ ಏಳಲಿಲ್ಲ. "ಜೋರಾಗಿ" ಅಂದಳು. ಜೋರಾಗಿ ಕೂಗಿದೆ. ಪುಷ್ಪಾ ಮುಖವನ್ನು ಮೇಲಕ್ಕೆತ್ತಿ ಹಿಡಿದುಕೊಂಡಿದ್ದಳು. ಬಹಳ ಹೊತ್ತಾದ ಮೇಲೆ, "ಇನ್ನೊಂದ್ಸಲ" ಅಂದಳು.

ಇಂಥದರಲ್ಲಿ ನನಗೆ ನಂಬಿಕೆ ಇಲ್ಲವೆಂದು ಯಾರು ಕೇಳಿದರೂ ಈಗಲೂ ಹೇಳುತ್ತೇನೆ. ಆದರೆ ಹಿರಿಯೂರಿನ ಕಡೆ ಕೆಲಸವಿದ್ದಾಗಲೆಲ್ಲ ಆ ಮನೆಗೆ ಹೋಗುತ್ತೇನೆ, ಹೋದಾಗಲೆಲ್ಲ ಕೂಗುತ್ತೇನೆ. ಕೂಗಿದ ಮೇಲೆ ಪುಷ್ಪಾ, ನಾನು ಇಬ್ಬರೂ ಮೇಲೆ ನೋಡುತ್ತ ಕೂರುತ್ತೇವೆ.